ಒಂದೇ ಗ್ರಿಲ್ಲು, ಎರಡು ರಿಂಗು

ಜನವರಿ 20, ಸೋಮವಾರ

ಬೂದಿ ತೆಗೆದೆ. ಜಾಲರಿ ಉಜ್ಜಿದೆ. ಮುಚ್ಚಳದ ಒಳಗಿನ ಜಿಡ್ಡು ಈ ಸಲವೂ ಪೂರ್ತಿ ಹೋಗಲಿಲ್ಲ. ಸೋಮವಾರ ಹೋಟೆಲಿಗೆ ಜನ ಕಡಿಮೆ. ಹಿರೀಸಾವೆ ದಾಟಿದ ಮೇಲೆ ಕಾರುಗಳಿಗೆಲ್ಲ ಹಾಸನ ಮುಟ್ಟುವ ಅವಸರ. ಇಲ್ಲಿ ನಿಲ್ಲಬೇಕಾದರೆ ಏನಾದರೂ ಕಾರಣ ಬೇಕು. ಮಾವನ ಕಾಲಕ್ಕೆ ಮುದ್ದೆ, ಬಸ್ಸಾರು ಸಾಕಾಗಿತ್ತು. ಈಗ ಸಾಲದು ಅಂತ ನನ್ನ ಗಂಡ ಮೋಹನ್ ಹೋದ ದಸರೆಗೆ ಈ ಇದ್ದಲು ಗ್ರಿಲ್ ತಂದು ಅಂಗಳದ ಹುಣಸೆಮರದ ಕೆಳಗೆ ನಿಲ್ಲಿಸಿದ.

ಮಧ್ಯಾಹ್ನ ಪಾರ್ಸೆಲ್ ಬಂತು. ಎರಡು ಡಬ್ಬ. ಒಂದು ನಾನು ಕೇಳಿದ್ದು — ಗ್ರಿಲ್ಲಿನ ಬಾಯಿಗೆ ಬಳೆಯ ಹಾಗೆ ಕೂರುವ ಪಿಜ್ಜಾ ರಿಂಗು, ಜೊತೆಗೆ ಬೇಯಿಸುವ ಕಲ್ಲು. ಇನ್ನೊಂದು ಮೋಹನ್‌ದು. ಇಡೀ ಕೋಳಿ ಚುಚ್ಚುವ ಉದ್ದ ಕಂಬಿ, ಅದನ್ನು ತಿರುಗಿಸುವ ಪುಟ್ಟ ಮೋಟಾರು, ಅದನ್ನು ಕೂರಿಸೋಕೆ ಇನ್ನೊಂದು ರಿಂಗು.

ಜೋಡಿಸಿ ನೋಡಿದಾಗ ಗೊತ್ತಾಯಿತು. ಎರಡೂ ಕೂರುವುದು ಒಂದೇ ಜಾಗದಲ್ಲಿ — ಮುಚ್ಚಳದ ಕೆಳಗೆ, ಬೆಂಕಿಯ ಮೇಲೆ. ಒಂದು ಕೂತರೆ ಇನ್ನೊಂದು ಇಳಿಯಬೇಕು.

"ವಾರ ಹಂಚ್ಕೊಳ್ಳೋಣ ಬಿಡು," ಅಂದ ಮೋಹನ್. ಸೋಮವಾರದಿಂದ ಗುರುವಾರ ನಂದು. ಮಿಕ್ಕಿದ್ದು ಅವನದು. ಒಪ್ಪಿದೆ. ನಾಲ್ಕು ದಿನ! ಕುಣಿಯೋದೊಂದು ಬಾಕಿ.

ಜನವರಿ 21, ಮಂಗಳವಾರ

ಮೊದಲನೆಯ ಪಿಜ್ಜಾ ಕಲ್ಲಿಗೆ ಅಂಟಿ ಹರಿದು ಹೋಯಿತು. ಕಲ್ಲು ಸಾಕಷ್ಟು ಕಾದಿರಲಿಲ್ಲ. ಎರಡನೆಯದು — ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು... ಕಾಲೇಜಿನ ಓವನ್ನಿನಲ್ಲೂ ಹೀಗೆ ಬಂದಿರಲಿಲ್ಲ. ಕಣ್ಣಲ್ಲಿ ನೀರು. ಹೊಗೆಗೆ ಅಂದುಕೊಳ್ಳಲಿ.

ಮಾವನಿಗೆ ಒಂದು ತುಂಡು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದೇನವ್ವಾ, ರೊಟ್ಟಿ ಮ್ಯಾಗೆ ಪಲ್ಯ ಉಯ್ದು ಬೇಯ್ಸಿದ್ದೀಯ! ಬಾಯ್ಗೆ ಅಂಟ್ಕತದೆ ಕಣವ್ವ."

"ಚೆನ್ನಾಗಿಲ್ವಾ ಮಾವ?"

"ಯಾರಂದೋರು? ಇನ್ನೊಂದ್ ಚೂರು ಕೊಡು ಇತ್ತ."

ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಒಳ್ಳೆಯ ದಿನ.

ಜನವರಿ 26, ಭಾನುವಾರ

ರಜೆ. ಕಾರುಗಳ ಸಾಲು. ಮೋಹನ್ ಎರಡು ಕೋಳಿಯನ್ನು ಕಂಬಿಗೆ ಹೇಗೆ ಹೇಗೋ ಚುಚ್ಚಿ ಮೋಟಾರು ಹಾಕಿದ. ತೂಕ ಒಂದು ಕಡೆ ವಾಲಿತ್ತು. ಅರ್ಧ ಸುತ್ತು ತಿರುಗುವುದು, ದಡಕ್ಕನೆ ಬೀಳುವುದು. ರೆಕ್ಕೆ ಬಿಚ್ಚಿಕೊಂಡು ಇದ್ದಲಿಗೆ ತಾಗಿ ಸುಡುತ್ತಿತ್ತು. ಮೋಟಾರು ಗೊರಗುಟ್ಟಿತು. ಟೇಬಲಿನಲ್ಲಿ ಕೂತವರು ಮೊಬೈಲು ಹಿಡಿದು ನಗುತ್ತಿದ್ದರು. ಮೋಹನ್ ಮುಖ ನೋಡಲಾಗಲಿಲ್ಲ.

ನನ್ನ ತವರು ಅರಕಲಗೂಡು. ಲಿಂಗ ಕಟ್ಟಿದ ಮನೆ. ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಹಾಸನದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದೇ ಬೇಕರಿ ಆಸೆಗೆ. ಪರೀಕ್ಷೆಗೆ ಅಂತ ಒಂದೇ ಸಲ ಕೋಳಿ ಕಟ್ಟಿದ್ದೆ — ಕೈಗೆ ಗ್ಲೌಸು, ಮೂಗಿಗೆ ಕರ್ಚೀಫು. ಆದರೆ ಕೈಗೆ ನೆನಪಿತ್ತು. "ಇಳ್ಸು," ಅಂದೆ. ಕಂಬಿಯನ್ನು ನಡುಮಧ್ಯಕ್ಕೆ ತೂರಿಸಿದೆ. ರೆಕ್ಕೆ, ಕಾಲು ಒಳಕ್ಕೆ ಮಡಚಿ ದಾರದಿಂದ ಬಿಗಿದೆ. ಇದ್ದಲನ್ನು ಎರಡು ಪಕ್ಕಕ್ಕೆ ಸರಿಸಿ ನಡುವೆ ಜಿಡ್ಡು ತೊಟ್ಟಿಕ್ಕೋಕೆ ತಟ್ಟೆ ಇಟ್ಟೆ.

ಕೋಳಿ ನಿಧಾನಕ್ಕೆ, ಒಂದೇ ಸಮನೆ ತಿರುಗಿತು. ಚರ್ಮ ಜೇನುಬಣ್ಣಕ್ಕೆ ಬಂತು. ನಗುತ್ತಿದ್ದವರೇ ಎರಡೆರಡು ಸಲ ತರಿಸಿಕೊಂಡರು.

"ನೀನಿಲ್ದಿದ್ರೆ ಮಾನ ಹೋಗ್ತಿತ್ತು ಪ್ರೇಕ್ಷಾ," ಅಂದ ಮೋಹನ್. ಎಲ್ಲರೆದುರಿಗೆ ಕೈ ಹಿಡಿದುಕೊಂಡ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ. ಊಟ ಮಾತ್ರ ಸೇರಲಿಲ್ಲ.

ಫೆಬ್ರವರಿ 11, ಮಂಗಳವಾರ

ಬರೆಯೋಕೆ ಪುರುಸೊತ್ತಿಲ್ಲ. ನನ್ನ ನಾಲ್ಕು ದಿನದಲ್ಲಿ ಮೊದಲು ಗುರುವಾರ ಹೋಯಿತು. ಆಮೇಲೆ ಬುಧವಾರ. ಇವತ್ತು ಮಂಗಳವಾರವೂ — "ಹಾಸನದ ಡಾಕ್ಟರ್ ಫ್ಯಾಮಿಲಿ ಕಣೇ, ಕೋಳಿಗೇಂತ್ಲೇ ಬರ್ತಿದಾರೆ, ಇದೊಂದ್ಸಲ." ಪಿಜ್ಜಾ ರಿಂಗು ಗೋಡೆಗೆ ಒರಗಿ ನಿಂತಿದೆ.

ಯಾರೋ ವೀಡಿಯೊ ಹಾಕಿದ್ದಾರೆ. ತಿರುಗುವ ಕೋಳಿ, ಎಣ್ಣೆ ಸವರುವ ನನ್ನ ಕೈ. ಮುಖ ಇಲ್ಲ. ಸದ್ಯ ಅಂದುಕೊಂಡೆ. ಸಂಜೆ ಅಮ್ಮ ಕದ್ದು ಫೋನ್ ಮಾಡಿದಳು.

"ಬಳೆ ನೋಡಿ ಗೊತ್ತಾಯ್ತು ಕಣೇ. ನಾನೇ ಕೊಡ್ಸಿದ್ದಲ್ವಾ. ನಿಮ್ಮಪ್ಪಾಜಿ ಊಟ ಬಿಟ್ಟು ಎದ್ದೋದ್ರು."

ಮದುವೆಯಾಗಿ ಮೂರನೇ ವರ್ಷ. ಅಪ್ಪಾಜಿ ಇನ್ನೂ ನನ್ನ ಹೆಸರೆತ್ತಿಲ್ಲ. ಬೇರೆ ಜಾತಿ ಅಂತ ಒಂದು ಸಿಟ್ಟು ಮೊದಲೇ ಇತ್ತು. ಈಗ ಇದು.

ಇವತ್ತಿನ ಒಂದೇ ಒಳ್ಳೆಯ ಸುದ್ದಿ — ಕಾಲೇಜಿನಲ್ಲಿ ಬೇಕರಿ ಕಲಿಸಿದ ರಜನೀಶ್ ಸರ್ ಫೋನ್. ಬೇಕರಿ ಲ್ಯಾಬಿಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರಂತೆ. "ನಿನ್ನ ಹೆಸರು ಹೇಳಿದೀನಿ. ಆಫೀಸಿಂದ ಫೋನ್ ಬರುತ್ತೆ, ಹೂಂ ಅಂದ್ಬಿಡು." ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ಮೋಹನ್‌ಗೆ ಹೇಳಿದೆ. "ಬರ್ಲಿ, ನೋಡೋಣ," ಅಂದ.

ಮಾರ್ಚ್ 9, ಭಾನುವಾರ

ಅಪ್ಪಾಜಿ ಬಂದಿದ್ದರು.

ಬೆಂಗಳೂರಿನಲ್ಲಿ ಯಾರದೋ ಮದುವೆ ಮುಗಿಸಿ ಬರುತ್ತಿದ್ದರಂತೆ. ಕಾರು ನಿಂತಿದ್ದು ನೋಡಲಿಲ್ಲ ನಾನು. ಕಂಬಿಯಿಂದ ಕೋಳಿ ಬಿಡಿಸುತ್ತಿದ್ದೆ. ಮೊಣಕೈವರೆಗೂ ಮಸಾಲೆ, ಜಿಡ್ಡು. ತಲೆ ಎತ್ತಿದರೆ ಎದುರಿಗೆ. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಸಣ್ಣಗಾಗಿದ್ದಾರೆ.

"ಅಪ್ಪಾಜಿ..."

"ನೀರು ಕೊಡು."

ಕೈ ತೊಳೆದೆ. ಸೋಪು ಹಾಕಿ ಮತ್ತೆ ತೊಳೆದೆ. ಲೋಟ ಒರೆಸಿ ನೀರು ಕೊಟ್ಟೆ. ಕುಡಿದರು. ಅಷ್ಟೇ ಸಾಕಾಗಿತ್ತು. ಆದರೆ ನಾನು ಸುಮ್ಮನಿರಲಿಲ್ಲ. "ಕೂತ್ಕೊಳಿ ಅಪ್ಪಾಜಿ. ನಾನು ಪಿಜ್ಜಾನೂ ಮಾಡ್ತೀನಿ. ಬರೀ ತರಕಾರಿದು."

"ಆ ಒಲೇಲೇನಾ?"

ಇಲ್ಲ ಅನ್ನಬಹುದಿತ್ತು. ಅವರಿಗೇನು ತಿಳಿಯುತ್ತಿತ್ತು? "ಹೂಂ, ಅದ್ರಲ್ಲೇ. ಪಿಜ್ಜಾ ಕಲ್ಲು ಬೇರೆ, ಒಲೆ ಅದೇ," ಅಂದೆ.

ಲೋಟ ಮೆಲ್ಲಗೆ ಕೆಳಗಿಟ್ಟರು.

"ನಿನ್ ರೂಮು ಹಂಗೇ ಇದೆ. ನಿಮ್ಮಮ್ಮ ದಿನಾ ಗುಡಿಸ್ತಾಳೆ. ಬರೋದಾದ್ರೆ ಬಾ. ಆದ್ರೆ ಒಬ್ಳೇ ಬಾ. ಮತ್ತೆ ಇಲ್ಲಿಗೆ ತಿರುಗಿ ಬರ್ಬೇಡ."

ತಿರುಗಿ ನೋಡದೆ ಹೋದರು. ಕಾರು ಚನ್ನರಾಯಪಟ್ಟಣದ ಕಡೆ ತಿರುಗುವವರೆಗೂ ನಿಂತಿದ್ದೆ. ಹಿಂದಿನಿಂದ ಯಾರೋ — "ಮೇಡಂ, ಲೆಗ್ ಪೀಸ್ ಇನ್ನೂ ಎಷ್ಟೊತ್ತು?"

ಮಾರ್ಚ್ 10, ಸೋಮವಾರ

ಪಿಜ್ಜಾ ದಿನ. ಹಿಟ್ಟು ಕಲಸಲಿಲ್ಲ. ಯಾರೂ ಯಾಕೆ ಅಂತ ಕೇಳಲಿಲ್ಲ. ಮಧ್ಯಾಹ್ನಕ್ಕೆ ಮೋಹನ್ ಕೋಳಿಯ ಕಂಬಿ ಕೂರಿಸಿದ.

ಏಪ್ರಿಲ್ 17, ಗುರುವಾರ

ಇದನ್ನು ಬರೆದೇ ತೀರಬೇಕು.

ಹಾಸನದ ಫೋನ್ ಬರಲೇ ಇಲ್ಲವಲ್ಲ ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಾನಾಗಿ ಕೇಳಲು ಸಂಕೋಚ. ನನ್ನ ಮೊಬೈಲ್ ಈಗ ನನ್ನ ಹತ್ತಿರ ಇರುವುದೇ ಕಡಿಮೆ. ಆರ್ಡರಿಗೆ ಅಂತ ಬೋರ್ಡಿನ ಮೇಲೆ ನನ್ನ ನಂಬರೇ ಬರೆಸಿದ್ದಾರೆ. ಹಗಲೆಲ್ಲ ಅದು ಗಲ್ಲಾ ಮೇಲೆ, ಮೋಹನ್ ಕೈಯಲ್ಲಿ.

ಇವತ್ತು ರಜನೀಶ್ ಸರ್ ಮನೆಯವರ ಜೊತೆ ಬೆಂಗಳೂರಿಗೆ ಹೋಗುತ್ತಾ ಇಲ್ಲಿ ಕಾರು ನಿಲ್ಲಿಸಿದರು. ತಿಂದು, ಹೊಗಳಿ, ಕೈ ತೊಳೆಯುವಾಗ ಮೆಲ್ಲಗೆ ಅಂದರು:

"ಯಾಕಮ್ಮ ಬೇಡ ಅಂದೆ? ನಿನಗಿಂತ ಒಳ್ಳೆಯವರು ಸಿಕ್ತಿರ್ಲಿಲ್ಲ."

"ಏನ್ ಸರ್?"

"ಆಫೀಸಿಂದ ಫೋನ್ ಮಾಡಿದ್ರಲ್ಲ ಮಾರ್ಚಲ್ಲಿ. ನಿಮ್ಮ ಯಜಮಾನ್ರು ಮಾತಾಡಿದ್ರಂತೆ. ಅವಳಿಗೆ ಇಷ್ಟ ಇಲ್ಲ, ಹೋಟ್ಲು ನೋಡ್ಕೊಬೇಕು ಅಂತ. ಬೇರೆಯವ್ರನ್ನ ತಗೊಂಡ್ಬಿಟ್ರು."

ಸರ್ ನನ್ನ ಮುಖ ನೋಡಿದರು. ಅರ್ಥವಾಗಿರಬೇಕು. "ಇರ್ಲಿ ಬಿಡು," ಅಂದು ಕಾರು ಹತ್ತಿದರು.

ಮೋಹನ್ ಗಲ್ಲಾದಲ್ಲಿ ಕೂತು ಯಾರ ಜೊತೆಗೋ ನಗುತ್ತಿದ್ದ. ಕೇಳಲಿಲ್ಲ ನಾನು. ಕೇಳಿದರೆ ಏನಾದರೂ ಹೇಳುತ್ತಾನೆ. ನಂಬಿಬಿಡುತ್ತೇನೆ.

ಏಪ್ರಿಲ್ 20, ಭಾನುವಾರ

ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಇದ್ದಲು ಹಚ್ಚಿದೆ. ಗೋಡೆಗೆ ಒರಗಿದ್ದ ಪಿಜ್ಜಾ ರಿಂಗು ತೊಳೆದು ಕೂರಿಸಿದೆ. ಕಲ್ಲು ಇಟ್ಟೆ. ಮೋಹನ್ ಬರುವಷ್ಟರಲ್ಲಿ ಕೆಂಪಗೆ ಕಾದಿತ್ತು.

"ಏಯ್, ಇವತ್ತು ಭಾನ್ವಾರ ಕಣೇ."

"ಗೊತ್ತು."

"ಕೋಳಿ ಮಸಾಲೆ ಹಾಕಿ ಇಟ್ಟಿದೀನಿ. ಜನ ಬರ್ತಾರೆ."

"ಬರ್ಲಿ. ಪಿಜ್ಜಾ ಇದೆ ಅನ್ನು. ಈಗ ಇದನ್ನ ಎತ್ತೋಕಾಗಲ್ಲ. ಆರ್ಬೇಕಾದ್ರೆ ಸಾಯಂಕಾಲ ಆಗುತ್ತೆ."

"ಏನಾಯ್ತು ನಿಂಗೆ?"

"ಕಾಲೇಜಿಂದ ಫೋನ್ ಬಂದಿತ್ತಂತೆ."

ಮುಖ ಬಿಳಿಚಿತು. ಅಷ್ಟರಲ್ಲಿ ಎರಡು ಕಾರು ನಿಂತವು. ಇಳಿದವರು ಕೋಳಿ ಕೇಳಿದರು. ಇಲ್ಲ ಅಂದೆ. ಒಂದು ಕಾರು ಹೊರಟೇ ಹೋಯಿತು. ಮೋಹನ್‌ಗೆ ಏನು ಬಂತೋ — ಟೇಬಲ್ ಒರೆಸುವ ಒದ್ದೆ ಬಟ್ಟೆಯನ್ನು ಎರಡೂ ಕೈಗೆ ಸುತ್ತಿಕೊಂಡು ರಿಂಗಿಗೆ ಕೈ ಹಾಕಿದ.

"ಒದ್ದೆ ಬಟ್ಟೆ ಬೇಡ! ಮೋಹನ್, ಬೇಡ —"

ಚುರ್ ಅಂದ ಸದ್ದು. ಹಬೆ. ಅವನ ಕೂಗು. ರಿಂಗು ಕಲ್ಲಿನ ಸಮೇತ ನೆಲಕ್ಕೆ ಬಿದ್ದು ಕಲ್ಲು ಎರಡು ಹೋಳಾಯಿತು. ಅವನ ಎರಡೂ ಅಂಗೈ...

ಬಕೆಟ್ಟಿನ ನೀರಿಗೆ ಅವನ ಕೈ ಅದ್ದಿ ಹಿಡಿದುಕೊಂಡು ಕೂತೆ. ಮಗುವಿನ ಹಾಗೆ ಅಳುತ್ತಿದ್ದ. ನಾನೂ. ಮಾವ ಕಾರು ತೆಗೆದರು. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಬ್ಯಾಂಡೇಜು. ಒಂದು ತಿಂಗಳು ಬೆಂಕಿಯ ಹತ್ತಿರ ಸುಳಿಯಬಾರದಂತೆ.

ಅತ್ತೆ ಬೈಯಲಿಲ್ಲ. "ಸಂಜೀಕೆ ಜನ ಬತ್ತಾರಲ್ಲವ್ವಾ, ಏನ್ ಮಾಡಾದು?" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಸಂಜೆ ಕೋಳಿ ಕಟ್ಟಿದೆ.

ಏಪ್ರಿಲ್ 23, ಬುಧವಾರ

ಮೋಹನ್‌ಗೆ ನಾನೇ ತುತ್ತು ಮಾಡಿ ಕೊಡುತ್ತೇನೆ. ಇವತ್ತು ಅರ್ಧ ಊಟಕ್ಕೆ ಬಾಯಿ ತೆರೆಯದೆ ಕೂತ.

"ಫೋನಲ್ಲಿ ಬೇಡ ಅಂದಿದ್ದು ಗ್ರಿಲ್ಲಿಗೋಸ್ಕರ ಅಲ್ಲ ಕಣೇ."

"ಮತ್ತೆ?"

"ಅವತ್ತು ನಿಮ್ಮಪ್ಪಾಜಿ ಹೇಳಿದ್ದು ಕೇಳಿಸ್ತು ನಂಗೆ. ಒಬ್ಳೇ ಬಾ ಅಂದ್ರಲ್ಲ. ಮಾರನೇ ದಿನಾನೇ ಕಾಲೇಜಿನ ಫೋನು. ಹಾಸನಕ್ಕೆ ಹೋದ್ರೆ ಅಲ್ಲಿಂದ ಅರಕಲಗೂಡು ಎಷ್ಟು ದೂರ? ಒಂದಿನ ನೀನು ಆ ಬಸ್ ಹತ್ಬಿಟ್ರೆ?... ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ನನ್ನ ಕೇಳ್ಬೋದಿತ್ತು."

"ಹೂಂ ಅಂದ್ಬಿಟ್ರೆ ಅಂತ ಭಯ."

ಸಿಟ್ಟು ಮಾಡಿಕೊಳ್ಳಲು ಕೂತಿದ್ದೆ. ಬರಲಿಲ್ಲ. ಅದೇ ಕಷ್ಟ. ಅಪ್ಪಾಜಿಗೂ ನನ್ನ ಮೇಲೆ ಪ್ರೀತಿಯೇ. ಇವನಿಗೂ ಪ್ರೀತಿಯೇ. ಇಬ್ಬರೂ ಬಾಗಿಲು ಹಾಕಿಕೊಂಡೇ ಪ್ರೀತಿಸುತ್ತಾರೆ.

"ಬಾಯಿ ತೆಗಿ," ಅಂದೆ. ತೆಗೆದ.

ಮೇ 12, ಸೋಮವಾರ

ಬೆಳಗ್ಗೆ ಲಗೇಜ್ ಆಟೊ ಬಂತು. ಮಾವ ಯಾರಿಗೂ ಹೇಳದೆ ಇನ್ನೊಂದು ಗ್ರಿಲ್ ತರಿಸಿದ್ದಾರೆ. ಹೊಸ ಪಿಜ್ಜಾ ಕಲ್ಲು ಕೂಡ. ಹುಣಸೆಮರದ ಕೆಳಗೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರು. ನಡುವೆ ಒಂದು ಸ್ಟೂಲು.

"ಕುಂತ್ಕೊ ಬಾರವ್ವ. ಇನ್ಮ್ಯಾಕೆ ಆ ರಿಂಗು ಈ ರಿಂಗು ಅಂತ ಜಗ್ಳಾನೇ ಇಲ್ಲ. ಇತ್ತಗೆ ಕೋಳಿ, ಅತ್ತಗೆ ನಿನ್ ರೊಟ್ಟಿ. ದಿನಾ ಎಲ್ಡೂ ಮಾಡ್ಬೋದು."

ಅತ್ತೆ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಬ್ಯಾಂಡೇಜ್ ಬಿಚ್ಚಿದ, ಇನ್ನೂ ಕೆಂಪಗಿರುವ ಕೈಯಲ್ಲಿ ಮೋಹನ್ ಊದುಬತ್ತಿ ಹಿಡಿದು ನಿಂತಿದ್ದ. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮಾವನ ಕಣ್ಣಲ್ಲಿ ಎಂಥ ಸಂಭ್ರಮ!

"ಖುಸಿ ಆಯ್ತೇನವ್ವ?"

"ಹೂಂ ಮಾವ."

ಕೂತೆ. ಇದ್ದಲು ಹಚ್ಚಿದ ಮೇಲೆ ಎರಡು ಕಡೆಯಿಂದಲೂ ಬಿಸಿ ಬಡಿಯುತ್ತಿತ್ತು. ಮೊದಲು ಪಿಜ್ಜಾ ದಿನ ಅಂತ ಒಂದಾದರೂ ಇತ್ತು. ಇನ್ನು ಎಲ್ಲ ದಿನವೂ ಎರಡೂ ಒಲೆಯ ದಿನವೇ. ಯಾರನ್ನು ಬೈಯಲಿ? ಕೇಳಿದ್ದೆಲ್ಲ ಕೊಟ್ಟಿದ್ದಾರೆ.

ಮೇ 13, ಮಂಗಳವಾರ, ಮಧ್ಯಾಹ್ನ

ಗಲ್ಲಾ ಮೇಲಿದ್ದ ಮೊಬೈಲ್ ತೆಗೆದುಕೊಂಡು ಒಳಗೆ ಬಂದೆ. ಯಾರನ್ನೂ ಕೇಳಲಿಲ್ಲ. ನನ್ನದೇ ಮೊಬೈಲು, ಕೇಳೋದೇನು?

ರಜನೀಶ್ ಸರ್ ಮೆಸೇಜು. ಆ ಜಾಗಕ್ಕೆ ತೆಗೆದುಕೊಂಡವರು ಬಿಟ್ಟು ಹೋಗುತ್ತಿದ್ದಾರಂತೆ. ಜೂನ್ ಎರಡಕ್ಕೆ ಬರಬೇಕು. "ಈ ಸಲ ನಿನ್ನ ಬಾಯಿಂದಲೇ ಹೇಳು. ಬೇಡ ಅಂದರೂ ನೀನೇ ಹೇಳು."

'ಯೋಚಿಸಿ ಹೇಳ್ತೀನಿ ಸರ್' ಅಂತ ಬರೆದೆ. ಅಳಿಸಿದೆ. 'ಮನೇಲಿ ಕೇಳಿ' ಅಂತ ಬರೆದೆ. ಅದನ್ನೂ ಅಳಿಸಿದೆ.

'ಬರ್ತೀನಿ ಸರ್.'

ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಓದಿದ್ದಾರೆ. ಇನ್ನು ವಾಪಸ್ ತಗೊಳ್ಳೋಕಾಗಲ್ಲ.

ಈಗ ಹೇಳಬೇಕು. ಮಾವನಿಗೆ ಹೇಗೆ ಹೇಳುವುದು? ಆ ಸ್ಟೂಲಿಗೆ ಬೆಳಗ್ಗೆ ಹಳೇ ಕಂಬಳಿ ಮಡಚಿ ಮೆತ್ತೆ ಹಾಕಿದ್ದಾರೆ... ಬೇಡ. ಮೊದಲು ಮೋಹನ್‌ಗೆ. ಅವನ ಭಯಕ್ಕೂ ಉತ್ತರ ಹೇಳಬೇಕು — ಅರಕಲಗೂಡಿನ ಬಸ್ಸಿಗಲ್ಲ ನಾನು ಹತ್ತೋದು, ಸಂಜೆ ಇದೇ ಮನೆಗೆ ಬರ್ತೀನಿ ಅಂತ. ನಂಬದಿದ್ದರೆ? ನಂಬದಿದ್ದರೂ ಹೋಗ್ತೀನಿ.

ಹೊರಗೆ ಕಾರು ನಿಂತ ಸದ್ದು. "ಪ್ರೇಕ್ಷಾ, ನಾಲ್ಕು ಪ್ಲೇಟು!" ಅಂತ ಮೋಹನ್ ಕೂಗುತ್ತಿದ್ದಾನೆ. ಮತ್ತೆ ಕೂಗಿದ. ಈಗ ಒಳಗೇ ಬರ್ತಿದಾನೆ. ಊಟ ಆಗಲಿ, ಜನ ಹೋಗಲಿ ಅಂತ ಕಾಯಲ್ಲ. ಬಾಗಿಲಿಗೆ ಬಂದ ತಕ್ಷಣ ಹೇಳಿಬಿಡ್ತೀನಿ —