ನಿಮ್ಮ ತಮ್ಮನ ರಕ್ತ

ಮಾರ್ಚ್ ೯, ಭಾನುವಾರ

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನೆಪ ಹುಡುಕಿದೆ, ಒಮ್ಮೆ ಪೆನ್ನು, ಒಮ್ಮೆ ಕನ್ನಡಕ. ಕ್ಷಮಿಸಿ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಪೈಕಿಯಲ್ಲ ನೀವು.

ನಿಮ್ಮ ತಮ್ಮ ಹೃದಯಾಘಾತದಿಂದ ಹೋದದ್ದಕ್ಕೆ ನಿಮ್ಮನ್ನೇ ಬೈದುಕೊಂಡಿದ್ದೀರಿ. "ತಾಯಿ ಇಲ್ಲದ ಮಗು ಅಂತ ಎಣ್ಣೆ ಬೆಣ್ಣೆ ಸುರಿದು ಸಾಕಿದೆ. ಅವನ ರಕ್ತನಾಳ ಕಟ್ಟಿಕೊಂಡಿದ್ದು ನನ್ನಿಂದಲೇ" ಎಂದು ಬರೆದಿದ್ದೀರಿ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಅಳೆಯುವುದು ಇದಕ್ಕೆ ಸಂಬಂಧಿಸಿದ್ದನ್ನೇ. ಕಾಯಿಲೆ, ಲಸಿಕೆ ಏನೂ ಇಲ್ಲದೆ ಹುಟ್ಟಿನಿಂದಲೇ ರಕ್ತದಲ್ಲಿ ಕೆಲವು ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಇರುತ್ತವೆ. ಕೆಟ್ಟ ಕೊಬ್ಬು ನಾಳದ ಗೋಡೆಗೆ ಮೆತ್ತಿಕೊಳ್ಳುವ ಮುಂಚೆಯೇ ಅವು ಅದನ್ನು ಹಿಡಿದು ಸಾಗಹಾಕುತ್ತವೆ ಎನ್ನುತ್ತಾರೆ. ನಮ್ಮ ಮುಖ್ಯಸ್ಥೆಯನ್ನು ಕೇಳಿದೆ. "ಅವು ಕಡಿಮೆ ಇದ್ರೆ ಮಿತವಾಗಿ ತಿಂದೋರಿಗೂ ನಾಳ ಗಟ್ಟಿಯಾಗಬಹುದು. ಅದೊಂದೇ ಕಾರಣ ಅಂತ ಮಾತ್ರ ನಾನು ಹೇಳಲ್ಲ" ಎಂದರು.

ನಿಮ್ಮ ತಮ್ಮನ ರಕ್ತ ನಮ್ಮ ಲ್ಯಾಬಿನಲ್ಲಿತ್ತು ಅತ್ತಿಗೆ. ಆರೋಗ್ಯವಂತರ ರಕ್ತ ಬೇಕಾದಾಗ ಲ್ಯಾಬಿನವರೆಲ್ಲ ಮನೆಯವರನ್ನೇ ಎಳೆದು ತರುತ್ತೇವೆ. ನಮ್ಮವರು ತೋಳು ಚಾಚಿ, "ಇಷ್ಟು ವರ್ಷ ಹೀರಿದ್ದು ಸಾಲದೇನೇ?" ಎಂದು ಎಲ್ಲರೆದುರು ನನ್ನ ಮಾನ ಕಳೆದಿದ್ದರು. ಫ್ರೀಜರಿನಲ್ಲಿ ಉಳಿದಿದ್ದು ಒಂದೇ ಟ್ಯೂಬು. ನಿಮ್ಮ ಸಂಕಟ ಹೇಳಿದಾಗ ಮುಖ್ಯಸ್ಥೆ, "ತೆಗೀರಿ, ಆ ಪ್ರತಿಕಾಯ ಎಷ್ಟಿತ್ತು ಅಂತ ನೋಡೇಬಿಡೋಣ" ಎಂದರು.

ಆದರೆ ಪರೀಕ್ಷೆ ಆಗಲಿಲ್ಲ. ಮಾದರಿ ಕೆಟ್ಟುಹೋಯಿತು. ಇನ್ನು ತಿಳಿಯುವ ದಾರಿಯಿಲ್ಲ. ಆದರೂ ಅಪವಾದ ಹೊತ್ತುಕೊಳ್ಳಬೇಡಿ. ನನ್ನ ಅಡುಗೆಯನ್ನು ಅವರು ಕೊನೆಯವರೆಗೂ ನಿಮ್ಮ ಅಡುಗೆಯ ಜೊತೆ ತೂಗಿ ನೋಡುತ್ತಿದ್ದರು, ನಾನು ಒಂದು ದಿನವೂ ಗೆಲ್ಲಲಿಲ್ಲ.

ಹಿರಿಯರು ನೀವು. ಕೆಳಗಿನದನ್ನೂ ಓದಿದ ಮೇಲೆ ಮನಸ್ಸಾದರೆ ಹರಸಿ.

ನಿಮ್ಮ ತಮ್ಮನ ಹೆಂಡತಿ

ತಾ.ಕ.: ಮಾದರಿ ತಾನಾಗಿ ಕೆಡಲಿಲ್ಲ. ಅದನ್ನು ಐಸಿನ ಮೇಲಿಟ್ಟು ನಿಧಾನವಾಗಿ ಕರಗಿಸಬೇಕು. ಹೊಸಬರಿಗೆ ಅದನ್ನು ಕಲಿಸುವವಳು ನಾನೇ. ನಿಮ್ಮ ತಮ್ಮ ಆಸ್ಪತ್ರೆಯಲ್ಲಿ ಪ್ರಾಣ ಬಿಡುವಾಗ ಅವರ ಕೈ ಹಿಡಿದುಕೊಂಡಿದ್ದವರು ನೀವು, ನಾನು ಲ್ಯಾಬಿನಲ್ಲಿದ್ದೆ. ಟ್ಯೂಬು ಕೈಗೆ ಬಂದಾಗ ಮುಷ್ಟಿಯೊಳಗೆ ಇಟ್ಟುಕೊಂಡು ಕೂತುಬಿಟ್ಟೆ. ಮುಖ್ಯಸ್ಥೆ ಬಂದು ನೋಡುವಷ್ಟರಲ್ಲಿ ಅದು ಬೆಚ್ಚಗಾಗಿತ್ತು. ಹಾಗಾದ ಮಾದರಿಯನ್ನು ನಾವು ಚೆಲ್ಲಿಬಿಡುತ್ತೇವೆ. ನಿಮ್ಮ ಎದೆಯ ಭಾರ ಇಳಿಸಬಹುದಾಗಿದ್ದದ್ದು ಅದೊಂದೇ ಎಂದು ಗೊತ್ತಿತ್ತು. ಗೊತ್ತಿದ್ದೂ ಮುಷ್ಟಿ ಬಿಚ್ಚಲಾಗಲಿಲ್ಲ ಅತ್ತಿಗೆ.