ಅಕ್ಕನ ದನಿಯ ಮೂಲ

ಜೂನ್ ೩, ಬೆಳಿಗ್ಗೆ

ಪರಿಶೀಲನೆಗೆ ಹನ್ನೊಂದು ಸಾಫ್ಟ್‌ವೇರ್ ಪ್ಯಾಕೇಜ್ ಸರದಿಯಲ್ಲಿವೆ. ನಾಲ್ಕು ನೋಡಿದೆ. ಒಂದರ ಲೈಸೆನ್ಸಿನಲ್ಲಿ ‘ಒಳ್ಳೆಯ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು’ ಎಂದಿದೆ. ಒಳ್ಳೆಯದು ಯಾವುದು ಅಂತ ಹೇಳುವವರು ಯಾರು? ತಿರಸ್ಕರಿಸಿದೆ. ನಾವು ಸಾಫ್ಟ್‌ವೇರ್ ಸೇರಿಸಿ ಹಂಚುವ ಲಿನಕ್ಸ್ ಡಿಸ್ಟ್ರೋದಲ್ಲಿ ಮುಕ್ತ ಅನ್ನಿಸಿಕೊಳ್ಳಬೇಕಾದರೆ ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸುವಂತಿರಬೇಕು. ಬಿಚ್ಚಿ ತಿದ್ದಲು ಮೂಲವೂ, ಅಂದರೆ ಅದನ್ನು ಕಟ್ಟಿದ ಕಡತಗಳೂ, ಜೊತೆಗಿರಬೇಕು. ಆರು ವರ್ಷದಿಂದ ಇದೇ ಕಾವಲು. ಸಂಬಳವಿಲ್ಲ, ಬೈಗುಳ ಧಾರಾಳ.

ಪಕ್ಕದ ಕೋಣೆಯಲ್ಲಿ ಭಾವನ ಕಂಪ್ಯೂಟರ್ ಪತ್ರಿಕೆ ಓದುತ್ತಿದೆ. ಅಕ್ಕನ ದನಿ. ಭಾವನಿಗೆ ಕಣ್ಣು ಕಾಣುವುದಿಲ್ಲ. ಅವರಿಗಾಗಿ ಅಕ್ಕ ಮೂರು ತಿಂಗಳು ಕೂತು ಸಾವಿರಾರು ವಾಕ್ಯ ಓದಿದ್ದಳು. ಆ ರೆಕಾರ್ಡಿಂಗಿನಿಂದಲೇ ನಾನು ಪರದೆ ಓದುವ ಈ ದನಿ ಕಟ್ಟಿ ಡಿಸ್ಟ್ರೋಗೂ ಸೇರಿಸಿದೆ. “ಮುಕ್ತ ಅಂದ್ರೆ ಪುಕ್ಕಟೆ ತಾನೇ?” ಅಂತ ರೇಗಿಸುತ್ತಿದ್ದಳು. ತೀರಿಹೋಗಿ ಹದಿನಾಲ್ಕು ತಿಂಗಳು... ಹವಾಮಾನ, ಅಪಘಾತ, ಎಲ್ಲ ಒಂದೇ ಸಮ ಓದುತ್ತಾಳೆ.

ಜೂನ್ ೪

ಡಿಸ್ಟ್ರೋದಲ್ಲಿ ತಪ್ಪಿದೆ ಅಂತ ಒಂದು ಬಗ್ ವರದಿ. ಬರೆದವರು ಫಾಂಟಿನವರು — ಮೂಲ ಕಡತವಿಲ್ಲ ಅಂತ ಹೋದ ವರ್ಷ ಅವರ ಫಾಂಟನ್ನು ನಾನೇ ಹೊರಗೆ ಹಾಕಿದ್ದೆ. ‘ಈ ದನಿಯ ಮೂಲ ಎಲ್ಲಿ? ರೆಕಾರ್ಡಿಂಗ್ ಇಲ್ಲದೆ ಮುಕ್ತ ಅಂತ ಹೇಗೆ ಸೇರಿಸಿದಿರಿ?’ ಎರಡೇ ಸಾಲು. ಉತ್ತರಕ್ಕೆ ಎರಡು ವಾರ ಗಡುವು.

ಸರಿಯಾಗಿಯೇ ಕೇಳಿದ್ದಾರೆ. ಬೈಯಲೂ ಆಗುತ್ತಿಲ್ಲ.

ಜೂನ್ ೫

ಆ ದನಿಯ ಬಗ್ಗೆ ಬರುವ ಮೇಲ್ ಎಲ್ಲ ಭಾವನಿಗೂ ಹೋಗುತ್ತದೆ. ಚಹಾ ಕುಡಿಯುವಾಗ ಆ ವರದಿಯ ಮಾತು ತೆಗೆದರು.

“ಕೇಳ್ದೆ ಅದನ್ನ. ರೆಕಾರ್ಡಿಂಗ್ ನಿನ್ ಹತ್ರ ಇದೆಯಲ್ಲ, ಹಾಕ್ಬಿಡು ಅತ್ಲಾಗೆ.” ಲೋಟ ಕೆಳಗಿಟ್ಟು, “ಹಾಕೋ ಮುಂಚೆ ನಂಗೊಂದ್ಸಲ ಕೇಳಿಸ್ತೀಯಾ? ಮಧ್ಯ ಮಧ್ಯ ತಪ್ಪು ಓದಿ ನಗ್ತಿದ್ಲು. ಈ ಮಷೀನು ಎಲ್ಲಾ ಓದುತ್ತೆ, ನಗೋದೊಂದು ಬರಲ್ಲ.”

“ಹುಡುಕ್ತೀನಿ ಭಾವ.”

ಹುಡುಕಲು ಏನಿದೆ, ಮಣ್ಣು. ಡಿಸ್ಟ್ರೋದ ಹೊಸ ಆವೃತ್ತಿ ಬಿಡುಗಡೆಯಾಗುವ ವಾರ ಹಾರ್ಡ್ ಡಿಸ್ಕ್ ತುಂಬಿತ್ತು. ದನಿ ತಯಾರಾಗಿತ್ತು. ಕೈಯಾರೆ ರೆಕಾರ್ಡಿಂಗ್ ಅಷ್ಟನ್ನೂ ಅಳಿಸಿಹಾಕಿದೆ. ಅಕ್ಕ ಅಡುಗೆಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು. ಬೇಕಾದರೆ ಮತ್ತೆ ಓದುತ್ತಾಳೆ ಅಂದುಕೊಂಡೆ.

ಜೂನ್ ೧೩

ಹಳೆಯ ಡಿಸ್ಕು, ಪೆನ್‌ಡ್ರೈವು, ಡ್ರಾಯರಿನ ತಳ. ಇಲ್ಲ. ರಿಪೇರಿ ಅಂಗಡಿಯವನು ಡಿಸ್ಕ್ ವಾಪಸ್ ಕೊಟ್ಟ. “ಇದರ ಮೇಲೆ ಎಷ್ಟು ಸಲ ಬರೆದಿದೀರ ಸಾರ್! ಏನೂ ಉಳಿದಿಲ್ಲ.”

ತಂಡದ ಹಿರಿಯರು ಫೋನ್ ಮಾಡಿ, “ತಯಾರಾದ ದನೀನೇ ಮೂಲ ಅಂತ ಬರೆದುಬಿಡಿ. ತೀರ್ಪು ಕೊಡೋರು ನೀವೇ ಅಲ್ವಾ?” ಅಂದರು. ಫಾಂಟಿನವರಿಗೆ ಯಾವ ಮುಖ ತೋರಿಸಲಿ? ಬರೆದರೂ ಭಾವನಿಗೆ ಆ ನಗು ಎಲ್ಲಿಂದ ತರಲಿ?

“ಸಿಕ್ತಾ?” ಅಂತ ಭಾವ ದಿನಾ ಕೇಳುತ್ತಿದ್ದರು. ಇವತ್ತು ಕೇಳಲಿಲ್ಲ. ಒಳ್ಳೆಯ ಹೆಡ್‌ಫೋನ್ ಕೊಂಡು ತಂದಿದ್ದಾರೆ. ಡಬ್ಬಿ ಇನ್ನೂ ಒಡೆದಿಲ್ಲ.

ಜೂನ್ ೧೮, ಮಧ್ಯಾಹ್ನ ೩.೫೦

ಕೊನೆಯ ದಿನ. ಬೆಳಿಗ್ಗೆ ಭಾವನ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಹೇಡಿ ನಾನು.

ಈಗ ಉತ್ತರ ಕಳಿಸಿದೆ. ‘ಮೂಲ ಇಲ್ಲ. ಅಳಿಸಿದ್ದು ನಾನೇ. ಮತ್ತೆ ಓದಲು ಅವಳಿಲ್ಲ. ಈ ದನಿ ಮುಕ್ತವಲ್ಲ, ಡಿಸ್ಟ್ರೋದಿಂದ ತೆಗೆಯುತ್ತಿದ್ದೇನೆ.’

ಭಾವ ಟೆಲಿಫೋನ್ ಆಪರೇಟರ್ ಕೆಲಸ ಮುಗಿಸಿ ಐದಕ್ಕೆ ಬರುತ್ತಾರೆ. ಮೇಲ್ ನೋಡುವ ಮುಂಚೆ, ಚಪ್ಪಲಿ ಬಿಡುವಾಗಲೇ ಹೇಳಿಬಿಡಬೇಕು.

೪.೧೫

ಬೇಗ ಬಂದುಬಿಟ್ಟರು. ನಾನಿನ್ನೂ ಕುರ್ಚಿಯಲ್ಲೇ. ಅವರ ಕೋಲು ಮೂಲೆಗೆ ತಾಗಿದ ಸದ್ದು... ಕಂಪ್ಯೂಟರಿನ ಸ್ವಿಚ್ಚು.

ಅಕ್ಕ ಓದುತ್ತಿದ್ದಾಳೆ. “ಮೂಲ ಇಲ್ಲ. ಅಳಿಸಿದ್ದು ನಾನೇ. ಮತ್ತೆ ಓದಲು ಅವಳಿಲ್ಲ.” ಒಂದೇ ಸಮ.

ಭಾವ ನಿಲ್ಲಿಸಿದರು. ಮೊದಲಿಂದ ಹಾಕಿದರು. “ಮೂಲ ಇಲ್ಲ. ಅಳಿಸಿದ್ದು ನಾನೇ.” ಮತ್ತೆ ನಿಲ್ಲಿಸಿದರು. ಮತ್ತೆ —