ಹನ್ನೊಂದು ಕಿಲೋಮೀಟರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.20

ಟೈರಿಗೆ ಗಾಳಿ ಹಾಕಿಸಿದ್ದಾಯಿತು. ವೈಪರ್ ನೀರು ತುಂಬಿಸಿದ್ದಾಯಿತು. ಸ್ಟೆಪ್ನಿ ಸರಿ ಇದೆ. ಬಟ್ಟೆ ಒಂದೇ ಬ್ಯಾಗು. ಪಕ್ಕದ ಸೀಟಿನ ಮೇಲಿಟ್ಟು ಬೆಲ್ಟ್ ಹಾಕಿದೆ. ಹಾಕದಿದ್ದರೆ ಕಾರು ಟಿಣ್ ಟಿಣ್ ಅಂತ ಪ್ರಾಣ ತಿನ್ನುತ್ತದೆ.

ಮಗಳು ಔಷಧಿ ಡಬ್ಬಿ ತಂದಳು. ಮೆಡಿಕಲ್ ಶಾಪಿನವಳು, ಇನ್ನೇನು ತರುತ್ತಾಳೆ. ಬಿ.ಪಿ.ಯದ್ದು, ಮಂಡಿನೋವಿನದ್ದು, ಒಂದೊಂದರ ಮೇಲೂ ಚೀಟಿ. ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು.

"ಒಬ್ಳೇ ಯಾಕಮ್ಮಾ? ವಯಸ್ಸಾದವರ ಗುಂಪಿನ ಟೂರ್ ಇದೆ. ಬಸ್ಸಲ್ಲೇ ಡಾಕ್ಟ್ರು ಇರ್ತಾರೆ."

"ಇಪ್ಪತ್ತೆಂಟು ವರ್ಷ ಎಕ್ಸ್‌ರೇ ಕೋಣೇಲಿ ನಿಂತವಳು ನಾನು. ಡಾಕ್ಟ್ರುಗಳನ್ನ ನೋಡಿದ್ದು ಸಾಕು."

"ತಮಾಷೆ ಬೇಡ. ಅರವತ್ತಾರು ನಿಂಗೆ. ಯಾಕೆ ಅಂತಾದ್ರೂ ಹೇಳು."

ಏನು ಹೇಳಲಿ. ಕನ್ನಡಿ ಸರಿ ಮಾಡುವ ಹಾಗೆ ಮಾಡಿದೆ. ಮೊಮ್ಮಗಳು ಗೇಟು ತೆಗೆದಳು. ಏಳು ವರ್ಷದವಳು, ಟ್ರಾಫಿಕ್ ಪೊಲೀಸ್ ಥರ ಕೈ ಮಾಡಿ "ಬರ್ಲಿ, ಬರ್ಲಿ, ರೈಟ್" ಅಂದಳು. ಹೊರಟೆ.

ಮಾರ್ಚ್ 4

ಲಾಡ್ಜು. ಎರಡನೇ ಮಹಡಿ. ಕಿಟಕಿಯಿಂದ ಬಸ್ ಸ್ಟ್ಯಾಂಡಿನ ತಗಡಿನ ಮಾಡು ಕಾಣುತ್ತದೆ. ಬಕೆಟ್ ಸೀಳಿದೆ, ಮಗ್ಗು ಹೊಸದು.

ಕೌಂಟರಿನವನು ಕೇಳಿದ, "ಒಬ್ಬರೇನಾ?" ಮುಂದಿನ ಊರಲ್ಲಿ ತಂಗಿ ಇದ್ದಾಳೆ ಅಂದೆ. ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಯಾರೋ ಹೆಂಗಸು ಕೇಳಿದಳು. ಆಫೀಸ್ ಕೆಲಸ ಅಂದೆ. ಈ ವಯಸ್ಸಿನಲ್ಲಿ! ಅವಳು ನಂಬಿದಳು, ಪಾಪ. ನನಗೆ ತಂಗಿಯೇ ಇಲ್ಲ.

ಇವತ್ತು 212 ಕಿಲೋಮೀಟರು. ದಾರಿಯಲ್ಲಿ ಒಂದು ನದಿ, ಅಗಲ. ಸೇತುವೆ ಮೇಲೆ ಇಳಿದು ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಗೊತ್ತಾಯಿತು, ಅಷ್ಟೇ. ಮತ್ತೆ ಕೂತು ಗೇರ್ ಹಾಕಿದೆ.

ಮಾರ್ಚ್ 6. ಮಧ್ಯಾಹ್ನ

ಮಗಳ ಫೋನು ದಿನಕ್ಕೆ ಮೂರು ಸಲ. ಎಲ್ಲಿದ್ದೀಯ, ಊಟ ಆಯ್ತಾ, ಎದೆ ಉರಿ ಏನಿಲ್ಲ ತಾನೇ. ನನಗೆ ಹುಟ್ಟಿದಾಗಿನಿಂದ ಎದೆಯುರಿ ಬಂದಿಲ್ಲ. ಆದರೂ ಅದೊಂದು ಕೇಳದೆ ಬಿಡುವುದಿಲ್ಲ. ಸಿಡುಕಿದೆ. ಆಮೇಲೆ ಬೇಜಾರಾಗಬೇಕಿತ್ತು. ಆಗಲಿಲ್ಲ.

ಗಂಡ ಹೋಗಿ ಐದು ತಿಂಗಳು. ಒಂದು ದಿನವೂ ಅತ್ತಿಲ್ಲ. ಮನೆಗೆ ಬಂದವರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಗಳ ಮುಖ. ಏನೋ ಪಿಸುಪಿಸು. ಸ್ಟೀರಿಂಗ್ ಹಿಡಿದವಳ ಮುಖ ಹೇಗಿದ್ದರೂ ನಡೆಯುತ್ತದೆ. ಎದುರಿಗೆ ಬರುವ ಲಾರಿಯವನಿಗೆ ನಾನು ಲೈಟು ಡಿಮ್ ಮಾಡಿದರೆ ಸಾಕು.

ಮಾರ್ಚ್ 7

ಬರೆಯಲಿಲ್ಲ ಅಂತ ಬರೆಯುತ್ತಿದ್ದೇನೆ. 180 ಕಿ.ಮೀ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಎಚ್ಚರವಾಗಿ ಬಹಳ ಹೊತ್ತಾಯಿತು. ಒಂದು ಸಲ ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ.

ಇವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ಡ್ರೈವಿಂಗ್ ಕಲಿಯಲಿಲ್ಲ. ಆದರೆ ಪಕ್ಕದಲ್ಲಿ ಕೂತು ಕಾರು ಓಡಿಸುತ್ತಿದ್ದವರು ಇವರೇ. ನಿಧಾನ. ಇಂಡಿಕೇಟರ್. ಆ ಸೈಕಲ್ ನೋಡು. ಸರಿಯಾಗಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಟೀ. ವರ್ಷಕ್ಕೊಂದು ಸಲ ಹೀಗೆ ಹತ್ತು ದಿನ ಹೊರಡುತ್ತಿದ್ದೆವು, ವಾಪಸು ಬರುವಷ್ಟರಲ್ಲಿ ಮಾತು ಬಿಟ್ಟಿರುತ್ತಿದ್ದೆವು. ಮುಂದಿನ ವರ್ಷ ಮತ್ತೆ ಹೊರಡುತ್ತಿದ್ದೆವು.

ಆ ದಿನ ಮೂರು ಸಲ ನಿಲ್ಲಿಸಿದ್ದೆ. ಒಮ್ಮೆ ಟೀಗೆ, ಒಮ್ಮೆ ಮೂತ್ರಕ್ಕೆ, ಒಮ್ಮೆ ಕನ್ನಡಕ ಹಿಂದಿನ ಸೀಟಿನಲ್ಲಿ ಉಳಿಯಿತು ಅಂತ. ನಾಲ್ಕನೇ ಸಲ, "ಸ್ವಲ್ಪ ನಿಲ್ಸು" ಅಂದರು. ನಾನು, "ಮುಂದೆ ಬಂಕ್ ಬರುತ್ತೆ, ಅಲ್ಲಿ ನಿಲ್ಲಿಸ್ತೀನಿ" ಅಂದೆ. ಮೆತ್ತಗೆ ಹೇಳಲಿಲ್ಲ. ಹಲ್ಲು ಕಚ್ಚಿ ಹೇಳಿದೆ. ಇನ್ನೊಂದು ಸಲ ಕೇಳಲಿಲ್ಲ ಅವರು. ಮುನಿಸು ಅಂದುಕೊಂಡೆ. ನಾನೂ ಅತ್ತ ನೋಡಲಿಲ್ಲ.

ಬಂಕಿಗೆ ಹನ್ನೊಂದು ಕಿಲೋಮೀಟರು. ಆಮೇಲೆ ಲೆಕ್ಕ ಹಾಕಿದೆ. ಬಂಕಿನ ಹುಡುಗಿ ಕಿಟಕಿ ತಟ್ಟಿ, "ಸಾರ್ ನಿದ್ದೆ ಮಾಡ್ತಿದಾರಾ?" ಅಂದಳು.

ನಿದ್ದೆಯಲ್ಲೇ ಹೋದರು ಅಂತ ಎಲ್ಲರಿಗೂ ಹೇಳಿದೆ. ಮಗಳಿಗೂ. ಪುಣ್ಯವಂತರು ಅಂದರು ಜನ. ದೊಡ್ಡ ಅಟ್ಯಾಕ್, ನಿಲ್ಲಿಸಿದ್ದರೂ ಅಷ್ಟೇ ಅಂದರು ಡಾಕ್ಟರು. ನಾನು ನಿಲ್ಲಿಸಲಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲವಲ್ಲ. ಸುಮ್ಮನೆ ಮಾತಿಗೆ ಹೇಳಿದ್ದು.

ಬರೆದರೂ ಏನೂ ಆಗಲಿಲ್ಲ. ಹಸಿವಾಗಿದೆ. ಕೆಳಗೆ ಬ್ರೆಡ್ಡು ಸಿಗುತ್ತದಂತೆ.

ಮಾರ್ಚ್ 12, ಬುಧವಾರ. ಸಂಜೆ 5

ಕೆರೆ ದಂಡೆಯ ಲಾಡ್ಜು. ಅಂಗಳದಲ್ಲಿ ಒಂದು ಹಳೇ ವ್ಯಾನು. ಒಳಗೆ ಹಾಸಿಗೆ, ಸ್ಟವ್, ಹೊಲಿಗೆ ಮಷೀನು. ವ್ಯಾನಿನೊಳಗೇ ಮಲಗುವವರು ಒಬ್ಬ ಟೈಲರ್. ಎಪ್ಪತ್ತನಾಲ್ಕು ವರ್ಷ, ನೆಟ್ಟಗೆ ನಡೆಯುತ್ತಾರೆ. ನನ್ನ ಬ್ಯಾಗಿನ ಪಟ್ಟಿ ಕಿತ್ತಿದ್ದು ನೋಡಿ, ಕೇಳದೆಯೇ ಕೈಯಿಂದ ತೆಗೆದುಕೊಂಡು ಹೊಲಿದುಕೊಟ್ಟರು. ಎರಡು ಸಲ ಹೊಲಿಗೆ.

ಈ ಸಲ ನಾನೇ ಕೇಳಿದೆ. ಒಬ್ಬರೇ ಯಾಕೆ?

"ಮನೇಲಿ ಎಲ್ಲಾರೂ ನನ್ನ ಚೆನ್ನಾಗಿ ನೋಡ್ಕೋತಾರೆ ಮೇಡಂ. ಅದೇ ತೊಂದ್ರೆ."

"ಅದೆಂಥ ತೊಂದ್ರೆ?"

"ನೀರು ಕೇಳಿದ್ರೆ ಸೊಸೆ ಓಡಿ ಬರ್ತಾಳೆ. ಚಪ್ಪಲಿ ಹುಡುಕಿದ್ರೆ ಮಗ ಓಡಿ ಬರ್ತಾನೆ. ಸುಮ್ನೆ ಕೂತ್ರೆ ಇಬ್ರೂ ಓಡಿ ಬರ್ತಾರೆ, ಯಾಕೆ ಸುಮ್ನೆ ಕೂತಿದೀರ ಅಂತ. ಮೂರು ತಿಂಗಳು ನಾನೇ ನನ್ನ ನೋಡ್ಕೊಂಡು ಹೋಗ್ತೀನಿ. ಆಮೇಲೆ ಅವರ ಕೈಗೆ ಸಿಗ್ತೀನಿ, ಎಷ್ಟು ಬೇಕಾದ್ರೂ ನೋಡ್ಕೊಳ್ಳಲಿ."

ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. "ನೀವ್ಯಾಕೆ?" ಅಂದರು. ಅಭ್ಯಾಸ ಅಂದೆ. ಅದು ಸುಳ್ಳು ಅಂತ ಅವರಿಗೆ ಗೊತ್ತಾಯಿತು. ದಾರ ಹಲ್ಲಿನಿಂದ ಕತ್ತರಿಸಿ ಬ್ಯಾಗು ಕೈಗಿಟ್ಟರು.

ಮಾರ್ಚ್ 13

ವ್ಯಾನಿನ ಬ್ಯಾಟರಿ ಸತ್ತಿದೆ. ಹತ್ತಿರದ ಪೇಟೆ ಮೂವತ್ತು ಕಿಲೋಮೀಟರು. ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಬ್ಯಾಟರಿ ಡಿಕ್ಕಿಗೆ. ಬ್ಯಾಗು ಹಿಂದಕ್ಕೆ. ಟೈಲರ್ ಪಕ್ಕದ ಸೀಟಿಗೆ. ಬೆಲ್ಟ್ ಹಾಕಿಕೊಳ್ಳಲು ಅವರಿಗೆ ಬರಲಿಲ್ಲ, ಬಗ್ಗಿ ನಾನೇ ಹಾಕಿದೆ.

ಅರ್ಧ ದಾರಿಗೆ ಬಂದಿದ್ದೆವು. ಅವರು ನೆಟ್ಟಗೆ ಕೂತು, "ಮೇಡಂ, ಸ್ವಲ್ಪ ನಿಲ್ಲಿಸ್ತೀರಾ" ಅಂದರು.

ಬ್ರೇಕ್ ಒತ್ತಿದ್ದು ನನಗೆ ನೆನಪಿಲ್ಲ. ಕಾರು ರಸ್ತೆ ನಡುವೆಯೇ ನಿಂತಿತ್ತು, ಸ್ವಲ್ಪ ಓರೆಯಾಗಿ. ಹಿಂದಿನ ಲಾರಿಯವನು ಹಾರ್ನ್ ಹೊಡೆದು, ತಪ್ಪಿಸಿಕೊಂಡು ಹೋಗುತ್ತ ನಮ್ಮ ವಂಶವನ್ನೆಲ್ಲ ನೆನೆಸಿಕೊಂಡ. ಟೈಲರ್ ಎರಡೂ ಕೈ ಡ್ಯಾಶ್‌ಬೋರ್ಡಿಗೆ ಕೊಟ್ಟು ಕೂತಿದ್ದರು. ನಾನು ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದೆ.

"ನಂಗೇನೂ ಆಗಿಲ್ಲ," ಅಂದರು. "ಮೂತ್ರಕ್ಕೆ."

ಕಾರನ್ನು ಪಕ್ಕಕ್ಕೆ ಹಾಕಿದೆ. ಅವರು ಇಳಿಯುವ ಮೊದಲೇ ಹೇಳಿಬಿಟ್ಟೆ. ಎಲ್ಲವನ್ನೂ. ಬಂಕು, ಹಲ್ಲು ಕಚ್ಚಿದ್ದು, ಅತ್ತ ನೋಡದೇ ಇದ್ದದ್ದು.

"ಹನ್ನೊಂದು ಕಿಲೋಮೀಟರಾ?"

"ಹೌದು."

ಬೆಲ್ಟಿನ ಬಟನ್ ಹುಡುಕಿ ಬಿಚ್ಚಿಕೊಂಡರು. ಆಮೇಲೆ, "ತಪ್ಪು ತಿಳ್ಕೋಬೇಡಿ, ನಾನು ಹೋಗಿ ಬರ್ತೀನಿ, ಇನ್ನು ತಡೆಯೋಕಾಗಲ್ಲ" ಅಂದರು. ಪೊದೆ ಹಿಂದೆ ಹೋದರು. ಬಂದು ಬಾಟಲಿ ನೀರಿನಿಂದ ಕೈ ತೊಳೆದುಕೊಂಡರು. ಕಾರಿಗೆ ಒರಗಿಕೊಂಡೇ ಕೇಳಿದರು.

"ಮಗಳಿಗೆ ಗೊತ್ತಾ?"

"ಇಲ್ಲ."

"ಮತ್ಯಾರಿಗೆ ಗೊತ್ತು?"

"ನಿಮಗೆ."

"ನಂಗೆ ಹೇಳಿ ಏನು ಬಂತು ಮೇಡಂ. ನಾನು ನಾಳೆ ಇನ್ನೊಂದೂರು."

ವಾಪಸು ಬರುವಾಗ ಅವರೇ ಹಿಂದಿನ ಸೀಟಿಗೆ ಹೋದರು. "ನಾನಿಲ್ಲೇ ಇರ್ತೀನಿ. ನಾನು ಬಾಯಿ ಬಿಟ್ರೆ ನೀವು ಕಾರನ್ನ ಕೆರೆಗೆ ಹಾಕ್ತೀರ." ಹೊಸ ಬ್ಯಾಟರಿ ಹಾಕಿದ ಮೇಲೆ ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೈ ಎತ್ತಿ ಹೊರಟುಹೋದರು. ನಂಬರ್ ತೆಗೆದುಕೊಳ್ಳಲಿಲ್ಲ, ಕೊಡಲಿಲ್ಲ.

ಮಾರ್ಚ್ 17

ನಾಲ್ಕು ದಿನ ಇದೇ ಲಾಡ್ಜು. ಕಾರು ತೆಗೆದಿಲ್ಲ. ಬಟ್ಟೆ ಒಗೆದೆ, ಒಣಗಿಸಿದೆ, ಮಡಿಸಿದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ. ಲಾಡ್ಜಿನ ಹೆಂಗಸು ಕಸ ಗುಡಿಸಲು ಬಂದು, "ಹುಷಾರಾಗಿದೀರಾ ಅಕ್ಕಾ?" ಅಂದಳು. ಹುಷಾರಾಗಿದ್ದೇನೆ.

ಮಗಳ ಫೋನು. ಅದೇ ಪ್ರಶ್ನೆಗಳು. ಚೆನ್ನಾಗಿದ್ದೀನಿ ಅಂದು ಇಟ್ಟೆ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ಹೇಳಿದೆ. ಅಂಗಡಿ ಮಧ್ಯಾಹ್ನ ಮುಚ್ಚಿರುವ ಹೊತ್ತು ನೋಡಿ ನಾನೇ ಫೋನ್ ಮಾಡಿದೆ. ಮಂಚದ ಅಂಚಿಗೆ ಕೂತು, ಗೋಡೆಯ ಸ್ವಿಚ್ಚುಗಳನ್ನು ನೋಡುತ್ತ ಹೇಳಿದೆ. ನಿದ್ದೆಯಲ್ಲಿ ಹೋಗಲಿಲ್ಲ ನಿಮ್ಮಪ್ಪ. ನಿಲ್ಸು ಅಂದರು. ನಾನು ನಿಲ್ಲಿಸಲಿಲ್ಲ.

ಬೈಯಲಿ ಅಂತ ಕಾದೆ.

"ಅಮ್ಮಾ... ಅಪ್ಪ ಅವತ್ತು ಬೆಳಿಗ್ಗೆ ನಂಗೆ ಫೋನ್ ಮಾಡಿದ್ರು."

"ಯಾವಾಗ?"

"ನೀನು ಟೀ ತರೋಕೆ ಹೋಗಿದ್ಯಂತೆ. ಎದೆ ಉರೀತಿದೆ, ಏನು ತಗೊಳ್ಲಿ ಅಂದ್ರು. ಅಮ್ಮಂಗೆ ಹೇಳ್ಬೇಡ, ಕಾರು ತಿರುಗಿಸಿಬಿಡ್ತಾಳೆ ಅಂದ್ರು. ಅಂಗಡಿ ತುಂಬ ಜನ. ಗ್ಯಾಸ್ ಇರುತ್ತೆ ಅಪ್ಪಾ, ಬ್ಯಾಗಲ್ಲಿ ಮಾತ್ರೆ ಇಟ್ಟಿದೀನಿ, ಚೀಪಿ ಅಂದೆ. ಅಷ್ಟೇ. ಒಂದು ನಿಮಿಷನೂ ಮಾತಾಡಿಲ್ಲ ನಾನು."

ಅವರ ಅಂಗಿ ಜೇಬಿನಲ್ಲಿ ಮಾತ್ರೆಯ ಪಟ್ಟಿ ಇತ್ತು. ಒಂದು ಖಾಲಿ. ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ನೋಡಿದ್ದೆ. ಯಾಕೆ ಅಂತ ಯೋಚಿಸಿರಲಿಲ್ಲ.

"ಅಮ್ಮಾ, ಜನ ಯಾರ್ಯಾರೋ ಬಂದು ಕೌಂಟರಲ್ಲಿ ನಿಂತ್ಕೊಂಡು ಎದೆ ಉರಿ ಅಂತಾರೆ. ಎಲ್ಲರಿಗೂ ಇಸಿಜಿ ಮಾಡಿಸಿ ಅಂತ ಓಡಿಸ್ತಿದೀನಿ ಈಗ. ಓನರ್ ಬೈತಾರೆ."

ನಗು ಬಂತು ಇಬ್ಬರಿಗೂ. ನಗುವಿನ ಹಾಗೆ ಏನೋ. ನಿನ್ನದೇನೂ ತಪ್ಪಿಲ್ಲ ಅಂತ ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ. ಐದು ತಿಂಗಳು ಒಂದೇ ಅಡುಗೆಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ತಿರುಗಿದ್ದೇವೆ.

ಬಂದು ಕರ್ಕೊಂಡು ಹೋಗಲಾ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದು ಬೇರೆ.

"ಅಲ್ಲಿ ಒಬ್ಳೇ ಇದ್ರೆ... ಹೇಗಿರುತ್ತೆ ಅಮ್ಮಾ?"

"ಏನೂ ಇರಲ್ಲ."

"ನಂಗೂ ಅದೇ ಬೇಕು. ಎರಡು ದಿನ. ಅಂಗಡಿ, ಮಗು, ಅವರ ಫೋನು. ಅಳೋಕೂ ನಲ್ಲಿ ಬಿಟ್ಕೊಂಡು ಅಳ್ಬೇಕು ನಾನು."

ಅಳಿಯ ಹಡಗಿನ ಕೆಲಸದವನು. ಮನೆಯಲ್ಲಿರುವುದು ವರ್ಷಕ್ಕೆ ಮೂರು ತಿಂಗಳು. ಇವಳು ಒಬ್ಬಳೇ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಇಷ್ಟು ವರ್ಷದಲ್ಲಿ ಈಗ ಹೊಳೆಯಿತು.

ಮಾರ್ಚ್ 21. ಮನೆ

ಬಂದೆ. ಒಟ್ಟು 1,640 ಕಿ.ಮೀ. ಗೇಟು ತೆಗೆದ ಮೊಮ್ಮಗಳು, "ಏನು ತಂದೆ?" ಅಂದಳು. ಏನೂ ತಂದಿರಲಿಲ್ಲ. ಲಾಡ್ಜಿನ ಸೋಪು ಕೊಟ್ಟೆ. ಸಂತೋಷಪಟ್ಟಳು.

ಮಗಳು ಅಂಗಡಿಯಿಂದ ಬಂದಳು. ತಬ್ಬಿಕೊಳ್ಳಲಿಲ್ಲ. ನನ್ನ ಬ್ಯಾಗು ಒಳಗೆ ತೆಗೆದುಕೊಂಡು ಹೋದಳು. ಊಟಕ್ಕೆ ಕೂತಾಗ ಎದೆಯುರಿ ವಿಷಯ ಎತ್ತಲಿಲ್ಲ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 9

ಆರೂವರೆಗೆ ಹೊರಟಳು. ರಜೆ ಸಿಗಲು ಮೂರು ವಾರ ಬೇಕಾಯಿತು. ಕಾರಿನ ಕೀ ಕೊಟ್ಟೆ. ಕ್ಲಚ್ ಸ್ವಲ್ಪ ಗಟ್ಟಿ, ಎರಡನೇ ಗೇರಿಗೆ ಹಾಕುವಾಗ... ಅಂತ ಶುರು ಮಾಡಿ ನಿಲ್ಲಿಸಿದೆ. ಥೇಟ್ ಇವರ ಹಾಗೇ. ಎಲ್ಲಿಗೆ ಅಂತ ಕೇಳಲಿಲ್ಲ. ಅವಳು ಹೇಳಲಿಲ್ಲ.

ಕಾರು ತಿರುವು ದಾಟುವವರೆಗೆ ನಿಂತಿದ್ದೆ. ಒಳಗೆ ಬಂದು ಹಾಲು ಕಾಯಿಸಿದೆ. ಅದು ಉಕ್ಕಿತು. ಒಲೆ ಒರೆಸುತ್ತ ನಿಂತಿದ್ದವಳಿಗೆ ಅಳು ಬಂತು. ದೊಡ್ಡದೇನಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಹಾಲಿನ ವಾಸನೆ. ಅದರಲ್ಲೇ ಮುಖ ಒರೆಸಿಕೊಂಡೆ.

ಒಂಬತ್ತಾಯಿತು. ಫೋನ್ ಮಾಡಬಾರದು. ಊಟದ ಹೊತ್ತಿಗೂ ಮಾಡಬಾರದು. ಅವಳಾಗಿಯೇ ಮಾಡಿದರೆ ಎತ್ತಬಹುದು.

ಮೊಮ್ಮಗಳು ಬಾಚಣಿಗೆ ಹಿಡಿದು ಬಂದು ಎದುರಿಗೆ ಕೂತಳು.

"ಅಜ್ಜೀ, ನೀನೂ ಒಬ್ಳೇ ಹೋದೆ. ಅಮ್ಮನೂ ಒಬ್ಳೇ ಹೋದ್ಲು. ನಾನು ಯಾವಾಗ ಹೋಗೋದು?"

"ಮೊದ್ಲು ತಲೆ ಬಾಚ್ಕೋ."

ಒಂದು ಜಡೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಡೆಯ ಕೂದಲು ಹಿಡಿದುಕೊಂಡು ಕಾಯುತ್ತಿದ್ದಾಳೆ, ಕೈ ನೋವು ಅಂತ ಒಂದೇ ಸಮನೆ ಗೊಣಗುತ್ತ.